ಕೂತು ಲೆಕ್ಕ ಹಾಕುವುದು ಅವಿಶ್ವಾಸವೇ?

ಎಲ್ಲರೂ ಕುಳಿತುಕೊಳ್ಳಿ. ಸತ್ಯವೇದ ತಂದವರು ಲೂಕನ ಸುವಾರ್ತೆ 14ನೇ ಅಧ್ಯಾಯ ತೆಗೆದಿಟ್ಟುಕೊಳ್ಳಿ. ಜೊತೆಗೆ ಇವತ್ತು ಒಂದು ಹಾಳೆ, ಒಂದು ಪೆನ್ನೂ ಬೇಕು. ಪಾಸ್ಟರ್ ಪ್ರಸಂಗ ಮಾಡ್ತಾರೋ ಟ್ಯೂಷನ್ ಮಾಡ್ತಾರೋ ಅಂತ ನಗಬೇಡಿ. ಕೊನೆಗೆ ಯಾಕೆ ಅಂತ ಗೊತ್ತಾಗುತ್ತೆ.

ಇವತ್ತಿನ ಪ್ರಶ್ನೆ ಇದು: ಒಂದು ಕುಟುಂಬ ಎಷ್ಟು ಸಾಲ ಮಾಡಿ ಮನೆ ತಗೊಳ್ಳಬಹುದು? ಇದು ಬ್ಯಾಂಕಿನಲ್ಲಿ ಕೇಳೋ ಪ್ರಶ್ನೆ, ಸಭೆಯಲ್ಲಿ ಯಾಕೆ ಅನ್ನಬಹುದು. 2021ರಲ್ಲಿ ಈ ಪ್ರಶ್ನೆ ನನ್ನ ಹತ್ತಿರವೇ ಬಂದಿತ್ತು. ನಾನು ಕೊಟ್ಟ ಉತ್ತರ ತಪ್ಪಾಗಿತ್ತು. ಅದನ್ನು ಒಪ್ಪಿಕೊಳ್ಳದೆ ಈ ಪೀಠದಲ್ಲಿ ನಿಂತುಕೊಳ್ಳೋಕೆ ನನಗೆ ಇನ್ನು ಆಗಲ್ಲ.

ನಮ್ಮ ಸಭೆಯ ಒಬ್ಬ ಸಹೋದರ. ಅವರನ್ನೂ ಅವರ ಮನೆಯವರನ್ನೂ ಕೇಳಿ, ಅವರು ಹೇಳಿ ಅಂದ ಮೇಲೆಯೇ ಹೇಳ್ತಿದ್ದೀನಿ. ಇಬ್ಬರೂ ದುಡಿಯುತ್ತಿದ್ದರು. ಅವರಿಗೆ ಕೈಗೆ ಬರ್ತಿದ್ದದ್ದು 34 ಸಾವಿರ, ಕ್ಲಿನಿಕ್‌ನಲ್ಲಿ ನರ್ಸ್ ಆಗಿದ್ದ ಸಹೋದರಿಗೆ 24 ಸಾವಿರ. ಒಟ್ಟು 58. ಒಂದು ಭಾನುವಾರ ಆರಾಧನೆ ಮುಗಿದ ಮೇಲೆ ಅವರು ಬಂದು, ‘ಪಾಸ್ಟರ್ ಅಣ್ಣಾ, 36 ಲಕ್ಷದ ಫ್ಲ್ಯಾಟ್ ನೋಡಿದ್ದೀವಿ, ಬ್ಯಾಂಕಿನವರು 30 ಲಕ್ಷ ಕೊಡ್ತೀವಿ ಅಂತಿದ್ದಾರೆ, ತಗೊಳ್ಳೋಣ್ವಾ?’ ಅಂದ್ರು. ನಾನು ಏನಂದೆ ಗೊತ್ತಾ? ‘ಬಾಗಿಲು ತೆರೆದವನು ಕರ್ತನು. ವಿಶ್ವಾಸದಿಂದ ಹೆಜ್ಜೆ ಇಡಿ’ ಅಂದೆ. ತಲೆ ಮೇಲೆ ಕೈಯಿಟ್ಟು ಪ್ರಾರ್ಥನೆ ಮಾಡಿ ಕಳಿಸಿದೆ. ಎಲ್ಲಾ ಸೇರಿ ಎರಡು ನಿಮಿಷ ಆಗಿರಬಹುದು.

ಸೋಮವಾರದಿಂದ ಶನಿವಾರದವರೆಗೆ ನಾನು ಒಂದು ಗೋಡೌನ್‌ನಲ್ಲಿ ಅಕೌಂಟ್ಸ್ ಬರೆಯೋನು. ಹತ್ತು ರೂಪಾಯಿ ತಾಳೆ ಆಗದಿದ್ರೆ ರಾತ್ರಿ ಎಂಟರವರೆಗೆ ಕೂತು ಹುಡುಕ್ತೀನಿ. ಆದರೆ ಅವತ್ತು 30 ಲಕ್ಷದ ವಿಷಯಕ್ಕೆ ಒಂದು ಚೀಟಿ ಮೇಲೂ ಲೆಕ್ಕ ಬರೀಲಿಲ್ಲ. ವಾರಪೂರ್ತಿ ಲೆಕ್ಕ, ಭಾನುವಾರ ವಿಶ್ವಾಸ ಅಂತ ಎರಡು ಡಬ್ಬಿ ಮಾಡಿಟ್ಟಿದ್ದೆ. ಒಂದು ಇನ್ನೊಂದಕ್ಕೆ ತಾಗಬಾರದು ಅನ್ನೋ ಹಾಗೆ.

ಆಮೇಲೆ ಆದದ್ದು ಕೇಳಿ. 7% ಬಡ್ಡಿ, 20 ವರ್ಷ, ತಿಂಗಳಿಗೆ 23,259 ರೂಪಾಯಿ ಕಂತು. ಮೊದಲ ತಿಂಗಳ ಕಂತಿನಲ್ಲಿ 17,500 ಬರೀ ಬಡ್ಡಿ. ಉಳಿದ ಆರು ಸಾವಿರಕ್ಕೂ ಕಡಿಮೆ ದುಡ್ಡು ಅಸಲಿಗೆ ಹೋಯ್ತು. ರಿಜಿಸ್ಟ್ರೇಷನ್ ಖರ್ಚಿಗೆ ತವರಿನವರು ಕೊಟ್ಟ ಚಿನ್ನ ಅಡವು ಇಟ್ಟಿದ್ದರು. ನಾವೆಲ್ಲಾ ಗೃಹಪ್ರವೇಶದ ಪ್ರಾರ್ಥನೆಗೆ ಹೋಗಿ ಬಿರಿಯಾನಿ ಊಟ ಮಾಡಿ ಬಂದ್ವಿ. ಮುಂದಿನ ಭಾನುವಾರ ಅವರು ಸಾಕ್ಷಿ ಹೇಳಿದರು, ಇಡೀ ಸಭೆ ಚಪ್ಪಾಳೆ ತಟ್ಟಿತು.

2022ರ ಮೇ ತಿಂಗಳಿಂದ 2023ರ ಫೆಬ್ರವರಿ ಒಳಗೆ ರಿಸರ್ವ್ ಬ್ಯಾಂಕ್ ರೆಪೋ ದರವನ್ನು 4%ದಿಂದ 6.5%ಕ್ಕೆ ಏರಿಸಿತು. 2019ರ ಅಕ್ಟೋಬರ್‌ನಿಂದ ಬ್ಯಾಂಕುಗಳು ಕೊಡೋ ಬದಲಾಗುವ ಬಡ್ಡಿಯ ಹೊಸ ಮನೆ ಸಾಲ ಇಂಥ ಹೊರಗಿನ ದರಕ್ಕೇ ಜೋಡಣೆ ಆಗಿರುತ್ತೆ. ಅದು ಏರಿದ್ರೆ ನಮ್ಮದೂ ಏರುತ್ತೆ. ಇವರ 7% ಹೋಗಿ 9.5% ಆಯ್ತು. ಆಗ ಬಾಕಿ ಇದ್ದದ್ದು ಸುಮಾರು 28.9 ಲಕ್ಷ. ಅದರ ಒಂದು ತಿಂಗಳ ಬಡ್ಡಿಯೇ 22,900ರ ಹತ್ತಿರ. ಹಳೇ ಕಂತನ್ನೇ ಕಟ್ಟಿದ್ರೆ ಅಸಲಿಗೆ ಹೋಗೋದು ನಾನೂರು ರೂಪಾಯಿಯೂ ಇಲ್ಲ! ಹಾಗೇ ಬಿಟ್ಟಿದ್ದರೆ ಸಾಲ ತೀರೋಕೆ 40 ವರ್ಷ ದಾಟ್ತಿತ್ತು. ಅದಕ್ಕೆ ಕಂತು ಸುಮಾರು 27,900 ಆಯ್ತು. ಅದೇ ವರ್ಷ ಎರಡನೇ ಮಗು ಹುಟ್ಟಿತು, ಅವರ ಅತ್ತೆ ಹಾಸಿಗೆ ಹಿಡಿದರು, ಸಹೋದರಿ ಕೆಲಸ ಬಿಟ್ಟರು. ಸಂಬಳ 36 ಸಾವಿರ, ಕಂತು 27,900. ಉಳಿದ 8,100ರಲ್ಲಿ ಐದು ಜನ.

2024ರಲ್ಲಿ ಮನೆ ಮಾರಿದರು. ಬ್ಯಾಂಕಿನ ಬಾಕಿ ತೀರಿಸಿ, ಚಿನ್ನ ಬಿಡಿಸಿದ ಮೇಲೆ ಕೈಗೆ ಬಂದದ್ದು ಮೊದಲು ಹಾಕಿದ್ದಕ್ಕಿಂತ ಕಡಿಮೆ. ನಾಲ್ಕು ತಿಂಗಳು ಅವರು ಸಭೆಗೆ ಬರಲಿಲ್ಲ. ನಾಚಿಕೆ. ಚಪ್ಪಾಳೆ ತಟ್ಟಿದವರ ಮುಖ ಹೇಗೆ ನೋಡೋದು ಅಂತ. ನಾನು ಅವರ ಬಾಡಿಗೆ ಮನೆಗೆ ಹೋದಾಗ ಸಹೋದರ ಏನೂ ಮಾತಾಡಲಿಲ್ಲ. ಸಹೋದರಿ ಟೀ ಕೊಟ್ಟು, ಕೋಪ ಇಲ್ಲದೆ ಹೇಳಿದರು: ‘ಅಣ್ಣಾ, ಅವತ್ತು ನೀವು ಒಂದು ಸಲ ಪೇಪರ್ ಮೇಲೆ ಬರೆದು ನೋಡೋಣ ಬನ್ನಿ ಅಂದಿದ್ರೆ, ನಾವು ನಿಮ್ಮ ಮಾತು ಕೇಳ್ತಿದ್ವಿ.’

ಆ ಮಾತು ನನ್ನನ್ನು ಲೂಕ 14ಕ್ಕೆ ಕರ್ಕೊಂಡು ಹೋಯ್ತು. ಗೋಪುರ ಕಟ್ಟಬೇಕು ಅಂತಿರೋ ಒಬ್ಬ ಮನುಷ್ಯನ ವಿಷಯ ಯೇಸು ಸ್ವಾಮಿ ಅಲ್ಲಿ ಹೇಳ್ತಾರೆ. ಅದು ಶಿಷ್ಯನಾಗೋದರ ಬೆಲೆಯ ಕುರಿತ ಮಾತು, ಹೋಮ್ ಲೋನ್ ಕುರಿತದ್ದಲ್ಲ. ವಾಕ್ಯವನ್ನು ನಮಗೆ ಬೇಕಾದ ಕಡೆಗೆ ಎಳೀಬಾರದು. ಆದರೂ ಒಂದು ವಿಷಯ ಗಮನಿಸಿ. ಬುದ್ಧಿ ಇರೋನು ಮೊದಲು ಕೂತ್ಕೊಂಡು ಖರ್ಚು ನೋಡ್ತಾನೆ ಅನ್ನೋದನ್ನ ಸ್ವಾಮಿ ಎಲ್ಲರಿಗೂ ಗೊತ್ತಿರೋ ಸಂಗತಿ ಅನ್ನೋ ಹಾಗೆ ಹೇಳ್ತಾರೆ. ಕೂತವನನ್ನು ಅವರು ಅಲ್ಪವಿಶ್ವಾಸಿ ಅನ್ನಲಿಲ್ಲ. ನಾನು ಮಾತ್ರ ನಮ್ಮ ಸಹೋದರನನ್ನು ಕೂರೋಕೇ ಬಿಡಲಿಲ್ಲ.

ಈಗ ಹಾಳೆ ತೆಗೀರಿ. ಅವತ್ತು ಮಾಡದ ಲೆಕ್ಕ ಇವತ್ತು ಮಾಡೋಣ.

ಮೊದಲು ಬ್ಯಾಂಕಿನ ಲೆಕ್ಕ. ಬ್ಯಾಂಕಿನವರು ಸಾಮಾನ್ಯವಾಗಿ ಕೈಗೆ ಬರೋ ಸಂಬಳದ ಅರ್ಧದವರೆಗೂ ಕಂತಿಗೆ ಹೋಗಬಹುದು ಅಂತ ನೋಡ್ತಾರೆ. 58 ಸಾವಿರದಲ್ಲಿ ಅರ್ಧ 29 ಸಾವಿರ. ಬಡ್ಡಿ 8.5% ಅಂತ ಇಟ್ಟುಕೊಂಡರೆ, 20 ವರ್ಷಕ್ಕೆ ಒಂದು ಲಕ್ಷಕ್ಕೆ ತಿಂಗಳಿಗೆ 868 ರೂಪಾಯಿ ಕಂತು. ಭಾಗಿಸಿದರೆ 33 ಲಕ್ಷ ಬರುತ್ತೆ. ಇದು ಬ್ಯಾಂಕಿನ ಸಂಖ್ಯೆ.

ಈಗ ಮನೆಯ ಲೆಕ್ಕ. ಇದನ್ನು ಸಂಬಳದಿಂದಲ್ಲ, ಖರ್ಚಿನಿಂದ ಶುರು ಮಾಡಿ. ಕಳೆದ ಆರು ತಿಂಗಳು ಬಾಡಿಗೆ ಬಿಟ್ಟು ನಿಜವಾಗಿ ಎಷ್ಟು ಖರ್ಚಾಯ್ತು? ರೇಷನ್, ಗ್ಯಾಸ್, ಸ್ಕೂಲ್ ಫೀಸು, ಬಸ್ಸು ಪೆಟ್ರೋಲು, ಅಮ್ಮನ ಬಿಪಿ ಮಾತ್ರೆ, ಊರಿಗೆ ಕಳಿಸೋದು, ದೇವರಿಗೆ ಕೊಡೋದು. 33 ಸಾವಿರ ಅಂತ ಇಟ್ಟುಕೊಳ್ಳಿ. ಕಷ್ಟಕಾಲಕ್ಕೆ ಅಂತ 5 ಸಾವಿರ ಎತ್ತಿಡಿ. 58ರಲ್ಲಿ ಉಳಿಯೋದು 20 ಸಾವಿರ. ಇಷ್ಟೇ ನಿಮ್ಮ ಕಂತು. ಈಗ ಬಡ್ಡಿ 2% ಏರಿತು ಅಂದ್ಕೊಂಡು 10.5%ಗೆ ನೋಡಿ. ಲಕ್ಷಕ್ಕೆ 998 ರೂಪಾಯಿ. 20 ಸಾವಿರಕ್ಕೆ ಬರೋದು 20 ಲಕ್ಷ.

ಒಂದೇ ಕುಟುಂಬ, ಒಂದೇ ಸಂಬಳ. ಬ್ಯಾಂಕು 33 ಅನ್ನುತ್ತೆ, ಅಡುಗೆಮನೆ 20 ಅನ್ನುತ್ತೆ. ಇಬ್ಬರೂ ಸುಳ್ಳು ಹೇಳ್ತಿಲ್ಲ. ಕೊಟ್ಟ ದುಡ್ಡು ವಾಪಸ್ ಬರುತ್ತಾ ಅಂತ ಬ್ಯಾಂಕು ಕೇಳುತ್ತೆ, ಅದು ಅವರ ಕೆಲಸ. ಕಟ್ಟಲಿಲ್ಲ ಅಂದ್ರೆ ಅವರಿಗೆ ಮನೆ ಇದೆ. ನಾವು ಬದುಕ್ತೀವಾ ಅಂತ ಕೇಳಬೇಕಾದವರು ನಾವು. ಆ 13 ಲಕ್ಷದ ವ್ಯತ್ಯಾಸದಲ್ಲೇ ಅಮ್ಮನ ಮಾತ್ರೆ ಇದೆ, ಮಗಳ ಫೀಸು ಇದೆ, ಗಂಡ ಹೆಂಡತಿ ರಾತ್ರಿ ಜಗಳ ಇಲ್ಲದೆ ಮಲಗೋ ನಿದ್ದೆ ಇದೆ.

ಇನ್ನೂ ಮೂರು ಮಾತು ಬರ್ಕೊಳ್ಳಿ. ಒಂದು, ಬೆಲೆಯ ಪೂರ್ತಿ ಸಾಲ ಸಿಗಲ್ಲ. 30 ಲಕ್ಷದವರೆಗಿನ ಸಾಲಕ್ಕೆ ಹೆಚ್ಚೆಂದರೆ ಬೆಲೆಯ 90%, ಅದರ ಮೇಲೆ 75 ಲಕ್ಷದವರೆಗೆ 80%. ಮುದ್ರಾಂಕ ಶುಲ್ಕ, ಸೆಸ್ಸು ಬೇರೆ. ನಮ್ಮ ರಾಜ್ಯದಲ್ಲಿ ನೋಂದಣಿ ಶುಲ್ಕ 2025ರ ಆಗಸ್ಟ್ 31ರಿಂದ 1% ಇದ್ದದ್ದು 2% ಆಗಿದೆ. ಇದಕ್ಕೆಲ್ಲಾ ಕೈಯಲ್ಲಿ ದುಡ್ಡು ಇಲ್ಲದೆ ಇನ್ನೊಂದು ಸಾಲ ಮಾಡಿದ್ರೆ, ಮೊದಲ ದಿನವೇ ಎರಡು ಕಂತು. ಎರಡು, ಅವಧಿ ಉದ್ದ ಆದಷ್ಟೂ ಕಂತು ಚಿಕ್ಕದಾಗಿ ಕಾಣುತ್ತೆ. 30 ಲಕ್ಷಕ್ಕೆ 8.5%ನಲ್ಲಿ 20 ವರ್ಷ ಕಟ್ಟಿದರೆ ಒಟ್ಟು ಸುಮಾರು 62.5 ಲಕ್ಷ, 30 ವರ್ಷ ಕಟ್ಟಿದರೆ 83 ಲಕ್ಷ. ತಿಂಗಳಿಗೆ ಉಳಿಯೋದು ಮೂರು ಸಾವಿರ ಮಾತ್ರ. ಮೂರು, ಸಾಲ ತಗೊಳ್ಳೋ ಮುಂಚೆ ಆರು ತಿಂಗಳು ಅಭ್ಯಾಸ ಮಾಡಿ. ಕಂತು 20 ಸಾವಿರ, ಈಗಿನ ಬಾಡಿಗೆ 9 ಸಾವಿರ ಅಂದ್ರೆ ಪ್ರತಿ ತಿಂಗಳು 11 ಸಾವಿರ ಆರ್‌ಡಿಗೆ ಕಟ್ಟಿ. ಕಟ್ಟೋಕಾದ್ರೆ 66 ಸಾವಿರ ಕೈಯಲ್ಲಿರುತ್ತೆ. ಆಗದಿದ್ರೆ ಮನೆ ಕಳ್ಕೊಳ್ಳದೇ ಪಾಠ ಕಲಿತ ಹಾಗಾಯ್ತು.

ಇಷ್ಟು ಲೆಕ್ಕ. ಆದರೆ ನನ್ನ ಮನಸ್ಸನ್ನು ಚುಚ್ಚಿದ್ದು ಲೆಕ್ಕದ ಹಿಂದಿನ ಪ್ರಶ್ನೆ. 20 ವರ್ಷದ ಸಾಲಕ್ಕೆ ಸಹಿ ಹಾಕೋದು ಅಂದ್ರೆ 240 ನಾಳೆಗಳನ್ನು ಮುಂಚಿತವಾಗಿ ಮಾತು ಕೊಡೋದು. ನಾಳೆಯ ವ್ಯಾಪಾರವನ್ನು ಇವತ್ತೇ ಕೈಗೆ ಬಂದ ಹಾಗೆ ಮಾತಾಡುವವರನ್ನು ಯಾಕೋಬನು ತನ್ನ ಪತ್ರಿಕೆಯ 4ನೇ ಅಧ್ಯಾಯದಲ್ಲಿ ಗದರಿಸ್ತಾನೆ. ಆ 240 ತಿಂಗಳೂ ಸಹಿ ಹಾಕಿದ ಗಂಡಸಿನದೇನಾ? ಹೆಂಡತಿ ಇನ್ನು ಕೆಲಸ ಬಿಡೋ ಹಾಗಿಲ್ಲ ಅಂತ ಅವನೇ ತೀರ್ಮಾನ ಮಾಡಿದ ಹಾಗಾಯ್ತಲ್ಲ? ಅಮ್ಮ ಕಾಯಿಲೆ ಬೀಳೋ ಹಾಗಿಲ್ಲ ಅಂತ? ಸಹ ಅರ್ಜಿದಾರಳು ಅಂತ ಅವಳ ಸಹಿ ಇರುತ್ತೆ ನಿಜ. ಆದರೆ ಕೇಳಿ ಹಾಕಿಸಿದ್ವಾ, ತೋರಿಸಿದ ಕಡೆ ಹಾಕು ಅಂತ ಹಾಕಿಸಿದ್ವಾ? ನಮ್ಮ ವಿಶ್ವಾಸ ಅಂತ ನಾವು ಹೇಳ್ಕೊಳ್ಳೋದರ ಬೆಲೆಯನ್ನು ಎಷ್ಟೋ ಸಲ ಬೇರೆಯವರು ಕಟ್ತಾರೆ. ನನ್ನ ಎರಡು ನಿಮಿಷದ ವಿಶ್ವಾಸಕ್ಕೆ ಆ ಕುಟುಂಬ ಮೂರು ವರ್ಷ ಕಟ್ಟಿತು.

ಹಾಸಿಗೆ ಇದ್ದಷ್ಟು ಕಾಲು ಚಾಚು ಅಂತ ನಮ್ಮ ಹಿರಿಯರು ಅಂದರು. ಜ್ಞಾನೋಕ್ತಿ 22ರಲ್ಲೂ ಹಾಸಿಗೆಯ ಮಾತೇ ಇದೆ, ಜಾಮೀನು ನಿಂತವನ ಹಾಸಿಗೆ. ಮನೆಗೆ ಹೋಗಿ ಓದಿ.

ಹಾಗಾದ್ರೆ ಸಾಲ ಮಾಡೋದೇ ಪಾಪನಾ? ನಾನು ಹಾಗೆ ಹೇಳಲ್ಲ. ಬಾಡಿಗೆ ಮನೆಯ ಕಷ್ಟ ನನಗೆ ಗೊತ್ತು, ನಾನೂ ಬಾಡಿಗೆ ಮನೆಯಲ್ಲೇ ಇರೋನು. ಮನೆಯಲ್ಲಿ ಪ್ರಾರ್ಥನಾಕೂಟ ಇಡಬೇಡಿ ಅಂತ ಓನರ್ ಹೇಳಿದಾಗ ಖಾಲಿ ಮಾಡಿದ್ದೀವಿ. ಮಗಳು ಐದು ವರ್ಷದಲ್ಲಿ ಎರಡು ಸ್ಕೂಲ್ ಬದಲಾಯಿಸಿದ್ದಾಳೆ. ಸ್ವಂತ ಗೋಡೆಗೆ ಒಂದು ಮೊಳೆ ಹೊಡೀಬೇಕು ಅನ್ನೋ ಆಸೆ ದುರಾಸೆ ಅಲ್ಲ. ನಾವೂ ಇದೇ ಲೆಕ್ಕ ಮಾಡಿದ್ವಿ, ನಮ್ಮ ಸಂಖ್ಯೆ 14 ಲಕ್ಷ ಬಂತು. ನನ್ನ ಹೆಂಡತಿ ನೋಡಿ ಇಷ್ಟಪಟ್ಟ ಮನೆ ಆ ದುಡ್ಡಿಗೆ ಬರಲ್ಲ. ಹಾಳೆ ಮಡಚಿ ಅವಳು ಸ್ವಲ್ಪ ಹೊತ್ತು ಸುಮ್ಮನೆ ಕೂತಿದ್ದಳು, ಆಮೇಲೆ ‘ಇರಲಿ ಬಿಡಿ, ಆರ್‌ಡಿ ಶುರು ಮಾಡೋಣ’ ಅಂದಳು. ಕಾಯ್ತಾ ಕೂತ್ರೆ ಬೆಲೆ ಏರಬಹುದು, ಆ ನಷ್ಟ ನಮ್ಮದೇ. ಅದನ್ನು ಮುಚ್ಚಿಟ್ಟು ಸಿಹಿಯಾಗಿ ಪ್ರಸಂಗ ಮಾಡೋಕೆ ನನಗೆ ಇಷ್ಟ ಇಲ್ಲ. ಆದರೆ ಆ ನಷ್ಟ ನಾವಿಬ್ಬರೂ ಕೂತು, ನೋಡಿ, ಒಪ್ಪಿಕೊಂಡ ನಷ್ಟ.

ಕೊನೆಯದಾಗಿ ಸಭೆಗೆ ಒಂದು ಮಾತು. ಗೃಹಪ್ರವೇಶದ ಸಾಕ್ಷಿಗೆ ನಾವು ಚಪ್ಪಾಳೆ ತಟ್ಟುತ್ತೇವೆ. ಮನೆ ಮಾರಿ ಸಾಲ ತೀರಿಸಿ, ಯಾರಿಗೂ ಮೋಸ ಮಾಡದೆ ಬಾಡಿಗೆ ಮನೆಗೆ ಹೋದವರನ್ನು ಈ ಪೀಠಕ್ಕೆ ಯಾವತ್ತಾದರೂ ಕರೆದಿದ್ದೀವಾ? ಅದೂ ಸಾಕ್ಷಿಯೇ. ಇನ್ನು ಮುಂದೆ ಮನೆ ಸಾಲದ ವಿಷಯಕ್ಕೆ ಪ್ರಾರ್ಥನೆ ಕೇಳೋಕೆ ಬರೋರು, ಗಂಡ ಹೆಂಡತಿ ಇಬ್ಬರೂ ಬನ್ನಿ, ಆರು ತಿಂಗಳ ಖರ್ಚಿನ ಚೀಟಿ ತನ್ನಿ. ಮೊದಲು ಕೂರೋಣ, ಆಮೇಲೆ ಮೊಣಕಾಲೂರೋಣ. ಎರಡೂ ಒಬ್ಬನೇ ಕರ್ತನ ಮುಂದೆಯೇ ಮಾಡೋ ಕೆಲಸ.

ಹಿಂದಿನ ಸಾಲಿನಲ್ಲಿ ಕೂತಿರೋ ನನ್ನ ಸಹೋದರ ಸಹೋದರಿಗೆ, ಎಲ್ಲರ ಮುಂದೆ ಹೇಳ್ತಿದ್ದೀನಿ: ಅವತ್ತು ನಾನು ನಿಮ್ಮ ಜೊತೆ ಕೂರಲಿಲ್ಲ. ನನ್ನನ್ನು ಕ್ಷಮಿಸಿ.

ಎಲ್ಲರೂ ಎದ್ದು ನಿಲ್ಲೋಣ, ಪ್ರಾರ್ಥನೆ ಮಾಡೋಣ. ಆಮೆನ್.