ಮುಪ್ಪಿನ ಮರೆವು ಮತ್ತು ಕಾಯಕ

ಶರಣರು ಮರೆವೆಂದು ಹಳಿದುದು ತಾನಾರೆಂಬುದನ್ನು ಅರಿಯದೆ ತನುಮನಧನಗಳ ಮೋಹದಲ್ಲಿ ಮುಳುಗಿದ ಜೀವನ ಸ್ಥಿತಿಯನ್ನು. ವೃದ್ಧರ ಮರೆವು ಬೇರೆ. ಈ ಭೇದವನ್ನು ತಿಳಿಯದ ಕೆಲವು ಮನೆಗಳಲ್ಲಿ, ಲಿಂಗಪೂಜೆ ಮುಗಿಸಿ ಎದ್ದವರು ಅರೆಗಳಿಗೆಯಲ್ಲೇ ಮತ್ತೆ ಪೂಜೆಗೆ ಕುಳಿತರೆ ಅವರ ನಿಷ್ಠೆಯೇ ಕುಂದಿತೆಂದು ಜರೆಯುವುದುಂಟು. ಮಿದುಳು ಕಾಯದ ಒಂದು ಅಂಗ. ಕಣ್ಣಿಗೆ ಪೊರೆ ಬರುವಂತೆ ಅದಕ್ಕೂ ವ್ಯಾಧಿ ಬರುವುದು. ಅದಕ್ಕೆ ಬೇಕಾದವನು ವೈದ್ಯನು.

ಹಾಗೆಂದು ಗೃಹಸ್ಥರು ಕೈಕಟ್ಟಿ ಕೂಡಬೇಕಾಗಿಲ್ಲ. ಲ್ಯಾನ್ಸೆಟ್ ಎಂಬ ವೈದ್ಯಪತ್ರಿಕೆಯ ತಜ್ಞಮಂಡಲಿಯು 2024ರಲ್ಲಿ ಈ ಮರೆವಿನ ರೋಗಕ್ಕೆ ಎಡೆಗೊಡುವ, ಆದರೆ ತಿದ್ದಿಕೊಳ್ಳಬಹುದಾದ 14 ಕಾರಣಗಳನ್ನು ಎಣಿಸಿತು. ಅವೆಲ್ಲವನ್ನೂ ನೀಗಿದರೆ ಲೋಕದಲ್ಲಿ ಇಂಥ ರೋಗದ ಶೇಕಡಾ 45ರಷ್ಟನ್ನು ತಡೆಯಲು ಅಥವಾ ಮುಂದೂಡಲು ಸಾಧ್ಯವಾದೀತೆಂದು ಅದರ ಅಂದಾಜು. ರಕ್ತದೊತ್ತಡ, ಮಧುಮೇಹ, ಧೂಮಪಾನ, ಅತಿಯಾದ ಮದ್ಯ ಇವು ಅದರಲ್ಲಿರುವುದು ಯಾರಿಗೂ ಅಚ್ಚರಿಯಲ್ಲ. ಕಿವುಡು, ದೇಹಶ್ರಮವಿಲ್ಲದಿರುವುದು, ಜನಸಂಗ ತಪ್ಪುವುದು ಇವೂ ಇವೆಯೆಂಬುದು ವಿಚಾರಾರ್ಹ. ಏಕೆಂದರೆ ಈ ಮೂರನ್ನು ಎಷ್ಟೋ ವೇಳೆ ಮಕ್ಕಳೇ ಗೌರವದ ಹೆಸರಿನಲ್ಲಿ ಹಿರಿಯರ ಮೇಲೆ ಹೇರುತ್ತಾರೆ.

"ಅಪ್ಪಾ, ನೀವು ಸುಮ್ಮನೆ ಕೂಡ್ರಿ" ಎಂದು ಮಗನು ಮೊದಲು ಹೊಲದ ಕೆಲಸವನ್ನು, ಆಮೇಲೆ ಅಂಗಡಿಯ ಲೆಕ್ಕವನ್ನು, ಕಡೆಗೆ ಉಗ್ರಾಣದ ಬೀಗದ ಕೈಯನ್ನೂ ತೆಗೆದುಕೊಳ್ಳುತ್ತಾನೆ. ಕಿವಿ ಮಂದವಾದ ತಾಯಿಗೆ ಶ್ರವಣಯಂತ್ರ ತರುವ ಬದಲು ಅವಳೊಡನೆ ಮಾತನ್ನೇ ಬಿಡುತ್ತಾರೆ. ಇದು ಸೇವೆಯೆನಿಸುವುದೆಂತು? ಗುರುಲಿಂಗಜಂಗಮರಿಗೂ ಕಾಯಕ ತಪ್ಪದೆಂಬುದು ನುಲಿಯ ಚಂದಯ್ಯನವರ ನಿಲುವು; ಹುಲ್ಲು ಕೊಯ್ದು ಹಗ್ಗ ಹೊಸೆದು ಬದುಕಿದ ಆ ಶರಣರು ಮುಪ್ಪಿಗೆ ವಿನಾಯಿತಿ ಕೊಟ್ಟಾರೆಂದು ತೋರದು.

ದಣಿದ ಕಾಯಕ್ಕೆ ವಿಶ್ರಾಂತಿ ಬೇಡವೇ ಎಂದರೆ, ಬೇಕು. ಸಾಕಷ್ಟು ನಿದ್ರೆಯೂ ಬೇಕು. ಆದರೆ ಕಾಯಕವನ್ನು ಸಂಪಾದನೆಯಿಂದ ಅಳೆಯುವವರಿಗೆ ಮಾತ್ರ ವೃದ್ಧರು ನಿರುಪಯೋಗಿಗಳಾಗಿ ಕಾಣುವರು. ಪೂಜೆಗೆ ಪತ್ರೆ ಪುಷ್ಪಗಳನ್ನು ಆಯ್ದು ತರುವುದು, ಮಠಕ್ಕೆ ನಡೆದೇ ಹೋಗಿಬರುವುದು, ದಾಸೋಹದಲ್ಲಿ ಕೈಲಾದಷ್ಟು ಬಡಿಸುವುದು ಸಣ್ಣ ಕೆಲಸಗಳೇನಲ್ಲ. ಬಾಯಿಪಾಠವಾದ ಹತ್ತು ವಚನಗಳನ್ನೇ ಉರುಳಿಸುವುದಕ್ಕಿಂತ ಓದದೊಂದು ವಚನವನ್ನು ಹಿಡಿದು, ಮೊಮ್ಮಗನಿಗೆ ಅದರ ಅರ್ಥ ಬಿಡಿಸಿ ಹೇಳಲು ಹೆಣಗುವುದು ಲೇಸು. ಕಲ್ಯಾಣದ ಅನುಭವಮಂಟಪದಲ್ಲಿ ನಡೆದುದೂ ಇಂಥ ಕೇಳುವ, ಹೇಳುವ ಕೆಲಸವೇ.

ಇಷ್ಟೆಲ್ಲ ಮಾಡಿಯೂ ರೋಗ ಬರಬಹುದು. ಆಗ ಪಕ್ಕದಲ್ಲಿ ಕುಳಿತು ವಿಭೂತಿ, ಪತ್ರೆಗಳನ್ನು ಒಂದೊಂದಾಗಿ ಕೈಗೆ ಕೊಡುತ್ತ ಪೂಜೆಯನ್ನು ನಡೆಸಿಕೊಡುವುದು ಮಕ್ಕಳ ಹೊಣೆ. ಅವರು ಎರಡನೆಯ ಸಲ ಕುಳಿತರೆ ಎರಡನೆಯ ಸಲವೂ.