ದೀಪವೂ ಕಾಲಕ್ಷೇಪವೂ

ವಿದ್ಯುಚ್ಛಕ್ತಿಯಿಲ್ಲದ ಬಾಳನ್ನು ಹೊಗಳುವವರಲ್ಲಿ ಹೆಚ್ಚಿನವರು ಅದನ್ನು ಉಳ್ಳವರೇ ಆಗಿರುವುದು ವಿಚಾರಾರ್ಹವಾದ ಸಂಗತಿ. ಹೊಗೆಯಲ್ಲಿ ಕಣ್ಣುರಿಸಿಕೊಂಡು ಅಡುಗೆ ಮಾಡಿದವಳಾಗಲಿ, ಸೀಮೆಯೆಣ್ಣೆಯ ಬುಡ್ಡಿಯ ಮುಂದೆ ಅಕ್ಷರಗಳನ್ನು ತಡವಿ ಓದಿದ ಬಾಲಕನಾಗಲಿ ಆ ಹೊಗಳಿಕೆಗೆ ದನಿಗೂಡಿಸುವುದು ಅಪರೂಪ. 1902ರಲ್ಲಿ ಶಿವನಸಮುದ್ರದಿಂದ ಹೊರಟ ವಿದ್ಯುತ್ತು ಮೊದಲು ಹೋದದ್ದು ಸುಮಾರು 92 ಮೈಲಿ ದೂರದ ಕೋಲಾರದ ಚಿನ್ನದ ಗಣಿಗಳಿಗೆ. ಬೆಂಗಳೂರಿಗೆ ವಿದ್ಯುದ್ದೀಪ ಬಂದದ್ದು 1905ರಲ್ಲಿ. ಹಳ್ಳಿಗಳು ಬಹುಕಾಲ ಕಾದವು. ಹಾಗೆ ಕಾದವರು ಕತ್ತಲನ್ನು ವ್ರತವಾಗಿ ಹಿಡಿದವರಲ್ಲ. ಇಲ್ಲದಿರುವುದು ಬೇರೆ, ಬಿಡುವುದು ಬೇರೆ. ಬಡತನಕ್ಕೆ ತ್ಯಾಗವೆಂದು ಹೆಸರಿಡುವುದು ಬಡವನಿಗೆ ಮಾಡುವ ಎರಡನೆಯ ಅನ್ಯಾಯ.

ಆದರೂ ಆ ಇರುಳುಗಳಲ್ಲಿ ಬೆಲೆಯುಳ್ಳದ್ದೊಂದು ಇದ್ದಿತೆಂಬುದನ್ನು ಅಲ್ಲಗಳೆಯಲಾಗದು. ಎಣ್ಣೆ ದುಬಾರಿಯಾದುದರಿಂದ ಮನೆಗೊಂದೇ ದೀಪ. ದೀಪ ಒಂದೇ ಆದುದರಿಂದ ಎಲ್ಲರೂ ಅದರ ಬಳಿಗೆ. ಒಬ್ಬನು ಕುಮಾರವ್ಯಾಸನ ಭಾರತವನ್ನು ರಾಗವಾಗಿ ವಾಚಿಸಿದರೆ ಇನ್ನೊಬ್ಬನು ಅರ್ಥ ಹೇಳುವನು. ಬೆಳಕು ಬೇಕಾದದ್ದು ವಾಚಕನೊಬ್ಬನಿಗೆ. ಕೇಳುವವರಿಗೆ ಕತ್ತಲೆಯೇ ಸಾಕು. ಓದುಬಾರದ ಮುದುಕಿಯೂ ಕೇಳಿ ಕೇಳಿ, ವಾಚಕನು ತಪ್ಪಿದ ಪದವನ್ನು ತಿದ್ದಬಲ್ಲವಳಾಗುತ್ತಿದ್ದಳು. (ಆ ಜಗಲಿಯಲ್ಲಿ ಎಲ್ಲ ಜಾತಿಯವರಿಗೂ ಎಡೆಯಿದ್ದಿತೆಂದು ಮಾತ್ರ ಯಾರೂ ಹೇಳಲಾರರು.)

ಆಟಗಳೂ ಹಾಗೆಯೇ. ಚೌಕಾಬಾರಕ್ಕೆ ನೆಲದ ಮೇಲೆ ಬರೆದ ಐದೈದು ಮನೆಗಳ ಚೌಕ, ನಾಲ್ಕು ಕವಡೆ. ಅಳಗುಳಿಮಣೆಗೆ ಏಳೇಳು ಗುಳಿಗಳ ಎರಡು ಸಾಲು, ಒಂದಷ್ಟು ಹುಣಿಸೆಬೀಜ. ಇವು ಗತಿಯಿಲ್ಲದವರ ವಿನೋದವೆಂದು ತಿಳಿಯಬೇಕಾಗಿಲ್ಲ. ಮುಮ್ಮಡಿ ಕೃಷ್ಣರಾಜ ಒಡೆಯರ 'ಶ್ರೀತತ್ತ್ವನಿಧಿ'ಯ ಒಂಬತ್ತು ನಿಧಿಗಳಲ್ಲಿ ಒಂದಾದ ಕೌತುಕನಿಧಿಯಲ್ಲಿ ಬಗೆಬಗೆಯ ಆಟಗಳ ವಿವರವಿದೆ. ಈ ಆಟಗಳಿಗೆ ಎದುರಾಳಿಯೊಬ್ಬನು ಬೇಕೇ ಬೇಕು. ಅವನು ನಿಧಾನಿಸುವನು, ಮುನಿಯುವನು, ಕವಡೆ ಅಲುಗಿತೆಂದು ಜಗಳವಾಡುವನು. ಮರುದಿನ ಅವನನ್ನೇ ಕರೆದು ಕೂರಿಸಿಕೊಳ್ಳಬೇಕು. ಮೊಬೈಲಿನೊಳಗಿನ ಎದುರಾಳಿಗೆ ದಣಿವೂ ಇಲ್ಲ, ಮುನಿಸೂ ಇಲ್ಲ. ಬೇಡವೆನಿಸಿದಾಗ ಅವನನ್ನು ಬೆರಳಿನಿಂದ ಒರಸಿಹಾಕಬಹುದು. ಸೋತವನ ಮುಖವನ್ನು ನೋಡಿ ಗೆದ್ದವನು ತನ್ನ ನಗೆಯನ್ನು ತಡೆದುಕೊಳ್ಳುವ ಸಂಯಮವು ಅಲ್ಲಿ ಹುಟ್ಟಲು ಕಾರಣವೇ ಇಲ್ಲ. ಹಳೆಯ ಕಾಲಕ್ಷೇಪದ ಬೆಲೆಯೆಲ್ಲ ಈ ತೊಡಕಿನಲ್ಲಿಯೇ ಇದ್ದಿತು. ಕತ್ತಲೆಯು ಅದಕ್ಕೆ ನಿಮಿತ್ತಮಾತ್ರ.

ಹಾಗಾದರೆ ದೀಪವನ್ನು ಆರಿಸಬೇಕೇ? ಅಗತ್ಯವಿಲ್ಲ. ವಿದ್ಯುತ್ತು ಯಾರನ್ನೂ ಜಗಲಿಯಿಂದ ಎಬ್ಬಿಸಲಿಲ್ಲ. ಏಳುವುದಕ್ಕೆ ಅನುಕೂಲವನ್ನಷ್ಟೇ ಒದಗಿಸಿತು. ಮಳೆಗಾಲದ ಸಂಜೆ ವಿದ್ಯುತ್ತು ನಿಂತಾಗ ಒಂದೊಂದು ಕೋಣೆಯಿಂದ ಒಬ್ಬೊಬ್ಬರಾಗಿ ಬಂದು ಮೇಣದ ಬತ್ತಿಯ ಸುತ್ತ ಕೂಡುವ ಮನೆಗಳು ಈಗಲೂ ಉಂಟು. ಹೇಗೋ ಕವಡೆಯೂ ದೊರೆಯುತ್ತದೆ, ಆಟವೂ ಏರುತ್ತದೆ. ಅಷ್ಟರಲ್ಲಿ ದೀಪ ಬರುತ್ತದೆ. ಇನ್ನೂ ಎರಡು ಕಾಯಿ ಹಣ್ಣಾಗಬೇಕಾಗಿರುವಾಗಲೇ ಮೊದಲು ಎದ್ದುಹೋಗುವವರು ಅನೇಕ ವೇಳೆ ಮನೆಯ ಹಿರಿಯರು.