ಯಾರ ಕೈಗೆ ಈ ಫೋನು?

ಮೊಬೈಲ್ ಅಂಗಡಿಗೆ ಕಾಲಿಟ್ಟ ಕೂಡಲೇ ಕೇಳಿಬರುವ ಪ್ರಶ್ನೆ, "ಎಷ್ಟರೊಳಗೆ ನೋಡ್ತೀರಾ ಸರ್?" ಬೆಲೆ ಗೊತ್ತಾದ ಮೇಲೆ ಕ್ಯಾಮೆರಾ, ಬ್ಯಾಟರಿ, ಸ್ಟೋರೇಜು. ಕಂತು ಮಾಡಿಸಿ, ಗಾಜಿನ ಮೇಲೆ ಇನ್ನೊಂದು ಗಾಜು ಅಂಟಿಸಿಕೊಂಡು ಹೊರಬರುತ್ತೇವೆ. ಇದು ಯಾರ ಕೈಗೆ ಎಂಬ ಮಾತು ಅಷ್ಟರಲ್ಲಿ ಒಮ್ಮೆಯೂ ಬಂದಿರುವುದಿಲ್ಲ.

ನಮಗಾಗಿಯೇ ಕೊಳ್ಳುವಾಗ ಪರವಾಗಿಲ್ಲ, ಕೈ ಜೊತೆಗೇ ಇರುತ್ತದೆ. ಊರಲ್ಲಿರುವ ಅಪ್ಪನಿಗೋ ಅಜ್ಜಿಗೋ ಕೊಳ್ಳುವ ದಿನ ಹಾಗಲ್ಲ. ಅವರಿಗೆ ಚಪ್ಪಲಿ ತರಬೇಕಾದರೆ ಕಾಲಿನ ಅಳತೆ ಕೇಳುತ್ತೇವೆ. ಫೋನು ಮಾತ್ರ ಅಳತೆಯಿಲ್ಲದೆ ತರುತ್ತೇವೆ.

ಬೆರಳಿಗೂ ಅಳತೆಯುಂಟು. ಈಗಿನ ಫೋನಿನ ಪರದೆಗೆ ಎಷ್ಟು ಗಟ್ಟಿಯಾಗಿ ಒತ್ತಿದರೆಂಬುದು ಲೆಕ್ಕಕ್ಕಿಲ್ಲ. ಬೆರಳಿನ ಚರ್ಮ ವಿದ್ಯುತ್ತನ್ನು ಹಾಯಿಸುತ್ತದಲ್ಲ, ಆ ಗುಣದಿಂದ ಅದು ಸ್ಪರ್ಶವನ್ನು ಗುರುತಿಸುತ್ತದೆ. ಅದಕ್ಕೆ ಚರ್ಮದಲ್ಲಿ ಕೊಂಚ ತೇವವಿರಬೇಕು. ಗುದ್ದಲಿ ಹಿಡಿದು, ಪಾತ್ರೆ ತಿಕ್ಕಿ, ಜಡ್ಡುಗಟ್ಟಿ ಒಣಗಿದ ಬೆರಳು ಮುಟ್ಟಿದ್ದು ಪರದೆಗೆ ಎಷ್ಟೋ ಸಲ ತಿಳಿಯುವುದೇ ಇಲ್ಲ. ಅವರು ಇನ್ನೂ ಗಟ್ಟಿಯಾಗಿ, ಇನ್ನೂ ಹೆಚ್ಚು ಹೊತ್ತು ಒತ್ತುತ್ತಾರೆ. ಆಗ ಫೋನು ಅದನ್ನು ಬೇರೆಯೇ ಆಜ್ಞೆ ಎಂದುಕೊಂಡು ಏನೇನನ್ನೋ ತೆರೆಯುತ್ತದೆ. "ನಂಗೆ ಇದೆಲ್ಲ ಬರಲ್ಲಪ್ಪ" ಅಂತ ಅವರು ಕೆಳಗಿಡುತ್ತಾರೆ, ನಾವೂ ನಂಬಿಬಿಡುತ್ತೇವೆ. ಬದುಕಿಡೀ ದುಡಿದ ಬೆರಳು ತಾನೇ ದಡ್ಡ ಎಂದು ಒಪ್ಪಿಕೊಳ್ಳುವ ಆ ಗಳಿಗೆ ನನಗೆ ತೀರಾ ನೋವಿನದು.

ಅಂಥವರಿಗೆ ಗುಂಡಿ ಒತ್ತುವ ಕೀಪ್ಯಾಡ್ ಸೆಟ್ಟೇ ಹಿತ. ಅದನ್ನು ಕೊಡಿಸಿದರೆ ಅವರನ್ನು ಹಿಂದೆ ಬಿಟ್ಟಂತಾಗುವುದಿಲ್ಲ. 2022ರಿಂದ ಇಂಟರ್ನೆಟ್ ಇಲ್ಲದ ಕೀಪ್ಯಾಡ್ ಫೋನಿನಲ್ಲೂ ಯುಪಿಐ ಹಣ ಕಳಿಸುವ ದಾರಿಯಿದೆ. 2017ರ ಜನವರಿಯಿಂದ ನಮ್ಮ ದೇಶದಲ್ಲಿ ಮಾರುವ ಇಂಥ ಫೋನುಗಳಲ್ಲಿ 5 ಅಥವಾ 9ರ ಗುಂಡಿಯನ್ನು ಒತ್ತಿ ಹಿಡಿದರೆ ತುರ್ತು ಕರೆ ಹೋಗಬೇಕೆಂಬ ನಿಯಮವೂ ಇದೆ. ತೋಟದ ಮನೆಯಲ್ಲಿ ಒಬ್ಬರೇ ಇರುವ ಹಿರಿಯರಿಗೆ ಇದಕ್ಕಿಂತ ದೊಡ್ಡ ಸೌಕರ್ಯ ಯಾವುದು? ಇದನ್ನು ಅಂಗಡಿಯಲ್ಲಿ ಯಾರೂ ಹೇಳುವುದಿಲ್ಲ, ನಾವೇ ಕೇಳಬೇಕು. ಅವರ ಸಿಮ್ ಯಾವುದೆಂದೂ ನೋಡಿಕೊಳ್ಳಬೇಕು; ಜಿಯೋ ಸಿಮ್ ಆದರೆ ಹಳೆಯ 2ಜಿ ಸೆಟ್ಟಿನಲ್ಲಿ ನಡೆಯುವುದಿಲ್ಲ.

ಇನ್ನೊಂದು ವಾಡಿಕೆ ನಮ್ಮ ಮನೆಗಳಲ್ಲಿ ಬೆಳೆದುಬಿಟ್ಟಿದೆ. ಮಗ ಹೊಸದು ಕೊಂಡ ದಿನ ಅವನ ಹಳೆಯದು ಅಮ್ಮನಿಗೆ. ಲಿಥಿಯಂ ಬ್ಯಾಟರಿ ಕೆಲವು ನೂರು ಸಲ ಚಾರ್ಜ್ ಆಗುವಷ್ಟರಲ್ಲಿ ಸೊರಗಿರುತ್ತದೆ. ಕಂಪನಿ ಆ ಮಾದರಿಗೆ ಸುರಕ್ಷತೆಯ ಅಪ್‌ಡೇಟ್ ಕಳಿಸುವುದನ್ನು ನಿಲ್ಲಿಸಿರಲೂಬಹುದು. ಮೋಸದ ಕರೆಗೆ, ಕಳ್ಳ ಲಿಂಕಿಗೆ ಸುಲಭವಾಗಿ ಸಿಕ್ಕಿಬೀಳುವವರ ಕೈಗೆ ಮನೆಯಲ್ಲೇ ಎಲ್ಲಕ್ಕಿಂತ ಕಡಿಮೆ ಭದ್ರವಾದ ಫೋನನ್ನು ಕೊಟ್ಟಿರುತ್ತೇವೆ. ಪ್ರೀತಿಯಿಂದಲೇ ಕೊಟ್ಟಿರುತ್ತೇವೆ, ನಿಜ. ಆದರೂ ಇದು ತಿರುಗುಮುರುಗಾಗಬೇಕು. ಹೊಸ ಬ್ಯಾಟರಿಯಾದರೂ ಹಾಕಿಸಿ ಕೊಡಬೇಕು.

ಇವತ್ತು ನಿಮ್ಮಲ್ಲಿ ಯಾರಾದರೂ ಮನೆಯ ಹಿರಿಯರಿಗೆ ಫೋನು ತರಲು ಹೊರಟಿದ್ದರೆ ಅವರನ್ನೂ ಕರೆದುಕೊಂಡು ಹೋಗಿ. ವಯಸ್ಸಾದಂತೆ ಕಿವಿ ಮೊದಲು ಕಳೆದುಕೊಳ್ಳುವುದು ಕೀರಲು ಸದ್ದನ್ನು. ರಿಂಗ್‌ಟೋನು ದಪ್ಪ ದನಿಯದಿರಲಿ, ಅಂಗಡಿಯ ಗದ್ದಲದಲ್ಲೇ ಕೇಳಿಸಿ ನೋಡಿ. ಒಂದು ಕನ್ನಡದ ಸಂದೇಶ ಕಳಿಸಿ, ಒತ್ತಕ್ಷರ ಸರಿಯಾಗಿ ಕೂತಿದೆಯೇ, ಅವರ ಕಣ್ಣಿಗೆ ನಿಲುಕುತ್ತದೆಯೇ ಎಂದು ಅವರಿಂದಲೇ ಓದಿಸಿ. ಆಮೇಲೆ ಫೋನನ್ನು ಅವರ ಕೈಗಿಟ್ಟು, ನಿಮಗೊಂದು ಕರೆ ಮಾಡಲು ಹೇಳಿ. ಎಷ್ಟು ಹೊತ್ತು ಹಿಡಿದರೂ ಹಿಡಿಯಲಿ. ನಡುವೆ ಕಸಿದುಕೊಂಡು ನೀವೇ ಒತ್ತಬೇಡಿ.